ನಿಂತು ನೋಡುವವರ ಒಪೆರಾ

(ನ್ಯೂ ಜೆರ್ಸಿಯಲ್ಲಿ ಕನ್ನಡದ ಗೆಳೆಯರು ಸೇರಿದ್ದ ಒಂದು ಭಾನುವಾರ ಆಡಿದ ಮಾತು. ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ದೀಪಗಳಿಂದಲೇ ಶುರು ಮಾಡುತ್ತೇನೆ. ಒಪೆರಾ ಅಂದರೆ ಬಹುಪಾಲು ಹಾಡಿನಲ್ಲೇ ನಡೆಯುವ ಪಶ್ಚಿಮದ ನಾಟಕ. ನಾನು ಅದಕ್ಕೆ ಸೋತದ್ದು ಮೊದಲು ಹಾಡಿಗಲ್ಲ, ದೀಪಕ್ಕೆ.

ಮ್ಯಾನ್‌ಹಟನ್‌ನ ಲಿಂಕನ್ ಸೆಂಟರಿನಲ್ಲಿ ಮೆಟ್ರೊಪಾಲಿಟನ್ ಒಪೆರಾ ಇದೆ. ಊರೆಲ್ಲ ಅದನ್ನು ಮೆಟ್ ಅಂತಲೇ ಕರೆಯುತ್ತದೆ. ಅದರ ಸಭಾಂಗಣದಲ್ಲಿ 21 ಹರಳಿನ ತೂಗುದೀಪಗಳಿವೆ. ಆಸ್ಟ್ರಿಯಾ ದೇಶದವರು ಕೊಟ್ಟ ಉಡುಗೊರೆ. ದೀಪಾವಳಿಯ ಹೂಕುಂಡ ಸಿಡಿದು ಹಾಗೇ ಗಾಳಿಯಲ್ಲಿ ನಿಂತುಬಿಟ್ಟರೆ ಹೇಗಿರುತ್ತದೋ ಹಾಗಿವೆ. ಜನ ಅವಕ್ಕೆ, ರಷ್ಯಾದವರು ಹಾರಿಸಿದ ಉಪಗ್ರಹದ ನೆನಪಿಗೆ, ಸ್ಪುಟ್ನಿಕ್ ಅಂತ ಹೆಸರಿಟ್ಟಿದ್ದಾರೆ. ಆಟ ಶುರುವಾಗುವ ಮುಂಚೆ ಅವುಗಳಲ್ಲಿ ಹಲವು ಕೆಳಗೆ ಇಳಿಬಿದ್ದಿರುತ್ತವೆ. ಹಾಗೇ ಬಿಟ್ಟರೆ ಮೇಲಿನ ಅಂತಸ್ತಿನವರಿಗೆ ವೇದಿಕೆ ಕಾಣುವುದಿಲ್ಲ. ಅದಕ್ಕೇ ಬೆಳಕು ಮಂಕಾಗುವ ಹೊತ್ತಿಗೆ ಅವೆಲ್ಲ ಮೆಲ್ಲಗೆ, ಸದ್ದೇ ಇಲ್ಲದೆ, ಚಾವಣಿಗೆ ಏರುತ್ತವೆ. ನಾನು ನಿಲ್ಲುವ ಆರನೇ ಅಂತಸ್ತಿನಲ್ಲಿ ಅವು ಕಣ್ಣ ಮುಂದೆಯೇ ಹಾದುಹೋಗುತ್ತವೆ. ಮೊದಲ ಸಲ ಬಂದವರನ್ನು ಆಗ ನೋಡಬೇಕು. ಕೋಟು ಟೈ ಹಾಕಿದ ಅಜ್ಜನೂ ಒಂದೇ, ಏಳು ವರ್ಷದ ಹುಡುಗಿಯೂ ಒಂದೇ. ತೇರು ಎಳೆಯುವಾಗ ಕತ್ತೆತ್ತಿ ನೋಡುತ್ತೇವಲ್ಲ, ಅದೇ ಮುಖ.

ನಮ್ಮವರಲ್ಲಿ ಬಹಳ ಜನ ಒಪೆರಾ ಅಂದ ಕೂಡಲೇ ಹಿಂದೆ ಸರಿಯುತ್ತಾರೆ. ಭಾಷೆ ಗೊತ್ತಿಲ್ಲ, ಬಟ್ಟೆ ಸರಿ ಇರಲ್ಲ, ಎಲ್ಲಿ ಚಪ್ಪಾಳೆ ತಟ್ಟಬೇಕೋ ತಿಳಿಯಲ್ಲ ಅಂತ. ನಾನು ಇವತ್ತು ಹೇಳಬೇಕು ಅಂದುಕೊಂಡು ಬಂದಿರುವುದು ಒಂದೇ ಮಾತು. ಅದು ಉಸಿರು ಬಿಗಿಹಿಡಿದು ಕೂರುವ ಜಾಗ ಅಲ್ಲ. ನಗುತ್ತಾ ಹೋಗುವ ಜಾಗ. ಬಯಲಾಟಕ್ಕೆ, ಕಂಪನಿ ನಾಟಕಕ್ಕೆ ನಮ್ಮ ಅಜ್ಜ ಅಜ್ಜಿ ಹೇಗೆ ಹೋಗುತ್ತಿದ್ದರೋ ಹಾಗೇ ಹೋಗಬೇಕು.

ಹೇಗೆ ಹೋಗುವುದು ಅಂತೀರಾ? ನನ್ನ ದಾರಿ ಇದು. ಜೆರ್ಸಿ ಸಿಟಿಯಿಂದ ಪಾತ್ ರೈಲು, ಆಮೇಲೆ 1ನೇ ನಂಬರಿನ ಸಬ್‌ವೇ, 66ನೇ ಬೀದಿಯಲ್ಲಿ ಇಳಿದರೆ ಆಯಿತು. ಕಾರಂಜಿಯ ಕಟ್ಟೆ ಮೇಲೆ ಕೂತು ಡಬ್ಬಿಯಲ್ಲಿ ತಂದ ಚಿತ್ರಾನ್ನ ತಿಂದು ಒಳಗೆ ಹೋಗುತ್ತೇನೆ. ಜರ್ಮನಿಯ ಸಂಗೀತಕಾರ ವಾಗ್ನರನ ಒಪೆರಾ ಇದ್ದ ದಿನ ಡಬ್ಬಿ ಎರಡು, ಯಾಕೆಂದರೆ ಐದು ಗಂಟೆ ಹೊತ್ತು ನಡೆಯುವ ಆಟ ಅದು. ಎದುರಿಗೆ ಐದು ಕಮಾನಿನ ಗಾಜಿನ ಗೋಡೆ, ಅದರ ಹಿಂದೆ ಷಗಾಲ್ ಬರೆದ ಎರಡು ದೊಡ್ಡ ಚಿತ್ರಗಳು, ಒಂದು ಕೆಂಪು, ಒಂದು ಹಳದಿ. ಅವನ್ನು ನೋಡುವುದಕ್ಕೆ ಟಿಕೆಟ್ಟೇ ಬೇಡ.

ಟಿಕೆಟ್ಟಿಗೆ ಬಂದರೆ, ಕೂರುವ ಜಾಗ ಸುಮಾರು 3,800. ಅದರ ಜೊತೆಗೆ ನಿಂತು ನೋಡುವ ಜಾಗಗಳಿವೆ, ಕೆಳಗೆ ಹಿಂಬದಿಯಲ್ಲಿ ಒಂದಷ್ಟು, ಮೇಲೆ ಫ್ಯಾಮಿಲಿ ಸರ್ಕಲ್ ಅನ್ನುವ ತುದಿಯ ಅಂತಸ್ತಿನಲ್ಲಿ ಒಂದಷ್ಟು. ಒರಗಿಕೊಳ್ಳಲು ಮೆತ್ತನೆಯ ಕಂಬಿ. ಕಂಬಿಯ ಮೇಲೆ ಅಂಗೈ ಅಗಲದ ಪುಟ್ಟ ಪರದೆ. ಹಾಡಿನ ಅರ್ಥ ಅದರಲ್ಲಿ ಹಳದಿ ಅಕ್ಷರದಲ್ಲಿ ಓಡುತ್ತದೆ. ಗುಂಡಿ ಒತ್ತಿದರೆ ಇಂಗ್ಲಿಷು, ಇನ್ನೊಮ್ಮೆ ಒತ್ತಿದರೆ ಜರ್ಮನ್, ಸ್ಪ್ಯಾನಿಷ್. ಬೇಡ ಅಂದರೆ ಆರಿಸಬಹುದು. ನಿಮ್ಮ ಪರದೆ ನಿಮಗೆ ಮಾತ್ರ ಕಾಣುತ್ತದೆ, ಪಕ್ಕದವರ ಕಣ್ಣಿಗೆ ಚುಚ್ಚುವುದಿಲ್ಲ. 1995ರಲ್ಲಿ ಇದು ಬಂತು. ಭಾಷೆಯ ಭಯಕ್ಕೆ ಅವತ್ತೇ ಉತ್ತರ ಸಿಕ್ಕಿತು.

ಈ ಪರದೆಯಿಂದ ಒಂದು ಮಜಾ ಕೂಡ ಆಗುತ್ತದೆ. ತಮಾಷೆಯ ಸಾಲು ಪರದೆ ಮೇಲೆ ಒಂದು ಕ್ಷಣ ಮೊದಲೇ ಬಂದುಬಿಡುತ್ತದೆ. ಗಾಯಕ ಇನ್ನೂ ಉಸಿರು ಎಳೆದುಕೊಳ್ಳುತ್ತಿರುತ್ತಾನೆ, ಅಷ್ಟರಲ್ಲಿ ಮೂರು ಸಾವಿರ ಜನ ಗೊಳ್ ಅಂತ ನಕ್ಕಿರುತ್ತಾರೆ. ಆಮೇಲೆ ಅವನು ಹಾಡುತ್ತಾನೆ, ಜನ ಮತ್ತೆ ನಗುತ್ತಾರೆ. ಒಂದೇ ಜೋಕಿಗೆ ಎರಡು ನಗು. ನನಗೆ ಇದು ಬಹಳ ಇಷ್ಟ.

ಈಗ ಹಾಡಿಗೆ ಬರೋಣ. ಅಷ್ಟು ದೊಡ್ಡ ಸಭಾಂಗಣದಲ್ಲಿ ಮೈಕಿಲ್ಲ. ಇದನ್ನು ಹೇಳಿದರೆ ಎಷ್ಟೋ ಜನ ನಂಬುವುದೇ ಇಲ್ಲ. ವೇದಿಕೆಯ ಮುಂದಿನ ತಗ್ಗಿನಲ್ಲಿ ಎಪ್ಪತ್ತು ಎಂಬತ್ತು ವಾದ್ಯ, ವೇದಿಕೆ ಮೇಲೆ ಒಬ್ಬಳು ಹೆಂಗಸು, ಆರನೇ ಅಂತಸ್ತಿನಲ್ಲಿ ನಾನು. ಅವಳ ಪಿಸುದನಿ ನನ್ನ ಕಿವಿಗೆ ಬರುತ್ತದೆ. ಹೇಗೆ? ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ ಇದನ್ನು ಅಳೆದು ನೋಡಿದವರು. ವಾದ್ಯವೃಂದದ ಶಕ್ತಿಯೆಲ್ಲ 500 ಹರ್ಟ್ಸ್, ಅಂದರೆ ಸೆಕೆಂಡಿಗೆ 500 ಕಂಪನದ ಸುತ್ತಮುತ್ತ ಗುಂಪು ಕಟ್ಟಿರುತ್ತದೆ, ಮೇಲೆ ಹೋದಷ್ಟೂ ಇಳಿಯುತ್ತದೆ. ಪಳಗಿದ ಗಾಯಕರು, ಅದರಲ್ಲೂ ಗಂಡು ದನಿಯವರು, ಗಂಟಲನ್ನು ಹದ ಮಾಡಿಕೊಂಡು 3,000 ಹರ್ಟ್ಸ್ ಹತ್ತಿರ ದನಿಗೆ ಒಂದು ಮೊನೆ ತರುತ್ತಾರೆ. ವಾದ್ಯಗಳು ಅಲ್ಲಿ ಸೊರಗಿರುತ್ತವೆ, ನಮ್ಮ ಕಿವಿ ಅಲ್ಲೇ ಚುರುಕಾಗಿರುತ್ತದೆ. ಹೀಗಾಗಿ ದನಿ ವಾದ್ಯದ ಮೇಲೆ ಏರಿ ಬರುವುದಲ್ಲ, ಸಂದಿಯಲ್ಲಿ ನುಸುಳಿ ಬರುತ್ತದೆ. ಮೈಕು ಬರುವ ಮುಂಚೆ ನಮ್ಮ ಭಾಗವತರು ಏರು ಶ್ರುತಿಯಲ್ಲಿ ಹಾಡಿ, ಚೆಂಡೆಯ ಆಚೆ, ಗದ್ದೆಯ ಕೊನೆಯಲ್ಲಿ ಚಾಪೆ ಹಾಸಿ ಕೂತವನನ್ನು ಮುಟ್ಟುತ್ತಿದ್ದರಲ್ಲ, ಅವರಿಗೂ ಇಂಥದೇ ಒಂದು ಗುಟ್ಟು ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಎಲ್ಲ ಆ ಕ್ಷಣದಲ್ಲೇ, ಮನುಷ್ಯರ ಗಂಟಲಿನಲ್ಲೇ ನಡೆಯುವುದರಿಂದ ಯಾವಾಗ ಏನಾಗುತ್ತದೋ ಹೇಳುವ ಹಾಗಿಲ್ಲ. ರಸಿಕರು ಅದನ್ನೇ ಕಾಯುತ್ತಿರುತ್ತಾರೆ. ಕೆಡಲಿ ಅಂತಲ್ಲ, ಕೆಟ್ಟರೆ ಇವರು ಹೇಗೆ ದಾಟುತ್ತಾರೆ ಅಂತ. ಕಂಬಿಗೆ ಒರಗಿ ನಿಂತವರ ಬಾಯಲ್ಲಿ ಇಂಥ ಕಥೆಗಳ ಕಣಜವೇ ಇದೆ.

ನನಗೆ ಅತಿ ಪ್ರಿಯವಾದದ್ದು 1959ರ ಡಿಸೆಂಬರ್ 28ರದ್ದು. ಮೆಟ್‌ನಲ್ಲಿ ಅವತ್ತು ವಾಗ್ನರನ 'ಟ್ರಿಸ್ಟನ್ ಮತ್ತು ಇಸೋಲ್ಡ'. ಇಸೋಲ್ಡ ಆಗಿದ್ದವರು ಬಿರ್ಗಿಟ್ ನಿಲ್ಸನ್, ಅದೇ ತಿಂಗಳು ಮೆಟ್‌ಗೆ ಬಂದು ಊರನ್ನೇ ಹುಚ್ಚೆಬ್ಬಿಸಿದ್ದರು. ಟಿಕೆಟ್ಟೆಲ್ಲ ಖಾಲಿ. ಆದರೆ ಟ್ರಿಸ್ಟನ್ ಹಾಡಬೇಕಾದವರಿಗೆ ಹುಷಾರಿಲ್ಲ. ಅವರ ಬದಲು ಬರಬೇಕಾದವರಿಗೂ ಹುಷಾರಿಲ್ಲ. ಮೂರನೆಯವರಿಗೂ ಇಲ್ಲ. ಪಾತ್ರವೋ, ಚೆನ್ನಾಗಿರುವ ಗಂಟಲನ್ನೇ ಹಿಂಡಿ ಹಾಕುವಂಥದ್ದು. ಮೆಟ್‌ನ ಮುಖ್ಯಸ್ಥ ರುಡಾಲ್ಫ್ ಬಿಂಗ್ ಮೂವರನ್ನೂ ಒಪ್ಪಿಸಿದರು, ಒಬ್ಬೊಬ್ಬರು ಒಂದೊಂದು ಅಂಕ ಹಾಡಿ ಅಂತ. ಆಮೇಲೆ ತಾವೇ ರಂಗದ ಪರದೆಯ ಮುಂದೆ ಬಂದು ನಿಂತರು. ಏನೋ ರದ್ದಾಯಿತು ಅಂತ ಸಭೆ ಹೌಹಾರಿತು. ಬಿಂಗ್ ಮೊದಲು, ನಿಲ್ಸನ್ ಆರೋಗ್ಯವಾಗಿದ್ದಾರೆ ಅಂತ ಹೇಳಿ ಜನರ ಜೀವ ತಂದರು. ಆಮೇಲೆ ಮೂವರು ಟ್ರಿಸ್ಟನ್‌ಗಳ ಸಂಗತಿ ಹೇಳಿ, ಪುಣ್ಯಕ್ಕೆ ಈ ಒಪೆರಾಕ್ಕೆ ಮೂರೇ ಅಂಕ ಅಂತ ಸೇರಿಸಿದರು. ಸಭೆಯೆಲ್ಲ ನಗು. ಮೊದಲ ಅಂಕದಲ್ಲಿ ರಮೋನ್ ವಿನೈ, ಎರಡನೆಯದರಲ್ಲಿ ಕಾರ್ಲ್ ಲೀಬ್ಲ್, ಮೂರನೆಯದರಲ್ಲಿ ಆಲ್ಬರ್ಟ್ ಡಾ ಕೋಸ್ಟಾ. ಒಂದೇ ರಾತ್ರಿ ಮೂರು ಗಂಡಸರನ್ನು ಅಷ್ಟೇ ತೀವ್ರವಾಗಿ ಪ್ರೀತಿಸಿ, ಕೊನೆಗೆ ಮೂರನೆಯವನ ಪಕ್ಕ ನಿಂತು ನಿಲ್ಸನ್ ಹಾಡಿ ಮುಗಿಸಿದರು. ನಮ್ಮ ಮೇಳಗಳಲ್ಲಿ ರಾತ್ರಿ ಒಬ್ಬ, ಬೆಳಗಿನ ಜಾವ ಇನ್ನೊಬ್ಬ ಅದೇ ಪಾತ್ರ ಮಾಡುವುದು ನಮಗೇನೂ ಹೊಸದಲ್ಲ. ಆದರೆ ನ್ಯೂಯಾರ್ಕಿಗೆ ಅದು ಇವತ್ತಿಗೂ ಹೇಳಿ ಹೇಳಿ ನಗುವ ಸುದ್ದಿ.

ಯಂತ್ರಗಳೂ ಪಾತ್ರಧಾರಿಗಳೇ. 1966ರಲ್ಲಿ ಈಗಿನ ಕಟ್ಟಡ ಶುರುವಾದದ್ದು ಸ್ಯಾಮ್ಯುಯೆಲ್ ಬಾರ್ಬರ್ ಅವರ ಹೊಸ ಒಪೆರಾದಿಂದ. ತಾಲೀಮಿನಲ್ಲೇ ತಿರುಗುವ ವೇದಿಕೆ ಕೆಟ್ಟು ಕೂತಿತು, ಕ್ಲಿಯೋಪಾತ್ರ ಆಗಿದ್ದ ಲಿಯೊಂಟೈನ್ ಪ್ರೈಸ್ ಪಿರಮಿಡ್ಡಿನೊಳಗೇ ಸಿಕ್ಕಿಕೊಂಡರು. 2010ರಲ್ಲಿ ನಿರ್ದೇಶಕ ರಾಬರ್ಟ್ ಲೆಪಾಜ್ ವಾಗ್ನರನ 'ರಿಂಗ್' ಸರಣಿಗೆ 24 ಹಲಗೆಗಳ, 45 ಟನ್ ತೂಕದ ಒಂದು ಯಂತ್ರ ತಂದರು. ಮೊದಲ ರಾತ್ರಿ ದೇವತೆಗಳು ಕಾಮನಬಿಲ್ಲಿನ ಸೇತುವೆ ಹತ್ತಿ ಸ್ವರ್ಗದ ಅರಮನೆಗೆ ಹೋಗಬೇಕಿತ್ತು. ಹಲಗೆಗಳು ತಿರುಗಲಿಲ್ಲ. ದೇವತೆಗಳು ಸುಮ್ನೆ ಬದಿಗೆ ನಡೆದು ಹೋದರು.

ಇನ್ನು ಸಾಯುವ ದೃಶ್ಯಗಳು. ಒಪೆರಾದಲ್ಲಿ ಯಾರೂ ಬೇಗ ಸಾಯುವುದಿಲ್ಲ. ಮೊದಲ ಸಲ 'ರಿಗೊಲೆಟ್ಟೊ' ನೋಡಿದಾಗ ನನ್ನ ಜೊತೆ ಊರಿಂದ ಬಂದ ಗೆಳತಿ ಇದ್ದಳು. ಜಿಲ್ಡಾಗೆ ಚೂರಿ ಹಾಕುತ್ತಾರೆ, ಗೋಣಿಚೀಲದಲ್ಲಿ ತುಂಬುತ್ತಾರೆ. ಅಪ್ಪ ಚೀಲ ಬಿಚ್ಚುತ್ತಾನೆ. ಮಗಳು ತಲೆ ಎತ್ತಿ ಹಾಡಲು ಶುರು ಮಾಡುತ್ತಾಳೆ. ಗೆಳತಿಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡಳು. ಪಕ್ಕದಲ್ಲಿ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದರು, ವರ್ಷಗಟ್ಟಲೆಯಿಂದ ಆ ಕಂಬಿಯಲ್ಲೇ ನಿಂತವರು. ಬೈಯುತ್ತಾರೇನೋ ಅಂದುಕೊಂಡೆ. ಅವರು ನಗುತ್ತಾ ಇವಳ ಭುಜ ಮುಟ್ಟಿದರು ಅಷ್ಟೇ. ಎರಡು ನಿಮಿಷ ಆಗಿರಬಹುದು. ಅಮ್ಮನ ಹತ್ತಿರ ಸ್ವರ್ಗಕ್ಕೆ ಹೋಗುತ್ತೇನೆ, ಅಲ್ಲಿ ನಿನಗಾಗಿ ಬೇಡಿಕೊಳ್ಳುತ್ತೇನೆ ಅಂತ ಜಿಲ್ಡಾ ಹಾಡುತ್ತಾಳೆ, ದನಿ ಮೇಲೆ ಮೇಲೆ ಹೋಗಿ ತೆಳ್ಳಗಾಗುತ್ತದೆ. ತಿರುಗಿ ನೋಡಿದರೆ ಅದೇ ಸೆರಗು ಈಗ ಕಣ್ಣಿನ ಮೇಲಿತ್ತು. ಇಷ್ಟು ಬೇಗ ನಗುವಿನಿಂದ ಅಳುವಿಗೆ ಕರೆದೊಯ್ಯುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಮೊದಲು ನಕ್ಕವರೇ ಆಮೇಲೆ ಜಾಸ್ತಿ ಅತ್ತದ್ದನ್ನೂ ನೋಡಿದ್ದೇನೆ.

ಮೊದಲ ಸಲ ಹೋಗುವವರಿಗೆ ಯಾವುದು ನೋಡಲಿ ಅಂತ ಕೇಳಿದರೆ ನಾನು ಕಣ್ಣು ಮುಚ್ಚಿ 'ಲಾ ಬೊಹೆಮ್' ಅನ್ನುತ್ತೇನೆ. ಪುಚ್ಚೀನಿಯದು. ಮೆಟ್‌ನಲ್ಲಿ ಫ್ರಾಂಕೊ ಜೆಫಿರೆಲ್ಲಿ 1981ರಲ್ಲಿ ಕಟ್ಟಿದ ರಂಗವನ್ನೇ ದಶಕಗಳ ಕಾಲ ತೋರಿಸುತ್ತಾ ಬಂದಿದ್ದಾರೆ. ಎರಡನೇ ಅಂಕದಲ್ಲಿ ಪರದೆ ಎದ್ದರೆ ಪ್ಯಾರಿಸ್ಸಿನ ಕ್ರಿಸ್ಮಸ್ ಸಂಜೆ. ಕೆಳಗೆ ಹೋಟೆಲು, ಮೇಲೆ ಇನ್ನೊಂದು ಬೀದಿ. ಇನ್ನೂರಕ್ಕೂ ಹೆಚ್ಚು ಜನ, ಮಕ್ಕಳು, ಆಟಿಕೆ ಮಾರುವವನು, ನಿಜವಾದ ಕುದುರೆ, ನಿಜವಾದ ಕತ್ತೆ. ಯಾರೂ ಇನ್ನೂ ಒಂದು ಸ್ವರ ಹಾಡಿರುವುದಿಲ್ಲ, ಸಭೆ ಚಪ್ಪಾಳೆ ತಟ್ಟುತ್ತದೆ. ಬಡಗಿಗಳಿಗೆ, ಬಣ್ಣ ಬಳಿದವರಿಗೆ ಸಲ್ಲುವ ಚಪ್ಪಾಳೆ ಅದು. ಹುಬ್ಬು ಗಂಟಿಕ್ಕಿ ಗೊಣಗುವ ಪಂಡಿತರೂ ಇದ್ದಾರೆ. ನಾನು ಜೋರಾಗಿ ತಟ್ಟುತ್ತೇನೆ. ಗುಬ್ಬಿ ಕಂಪನಿ ಆನೆಯನ್ನೇ ರಂಗದ ಮೇಲೆ ತಂದ ನಾಡಿನವಳು ನಾನು, ಕುದುರೆಗೆ ತಟ್ಟದೆ ಇರಲಾ?

ಕಂಪನಿ ನಾಟಕ ಅಂದಾಗ ನೆನಪಾಯಿತು, ಒನ್ಸ್ ಮೋರ್! ನಮ್ಮಲ್ಲಿ ಸತ್ತು ಬಿದ್ದ ಪಾತ್ರ ಕೂಡ ಜನ ಒನ್ಸ್ ಮೋರ್ ಅಂದರೆ ಎದ್ದು ಇನ್ನೊಂದು ಸಲ ಹಾಡಿ ಮತ್ತೆ ಸಾಯುತ್ತಿತ್ತು. ಒಪೆರಾದಲ್ಲೂ ಹಿಂದೆ ಹಾಗೇ ಇತ್ತು. ಆಮೇಲೆ ಬಿಗಿ ಬಂತು. ಮೆಟ್‌ನಲ್ಲಿ ವರ್ಷಗಟ್ಟಲೆ ಯಾರೂ ಒಂದು ಹಾಡನ್ನು ಎರಡು ಸಲ ಹಾಡುತ್ತಿರಲಿಲ್ಲ. 2008ರ ಏಪ್ರಿಲ್ 21. ಡೊನಿಜೆಟ್ಟಿಯ 'ರೆಜಿಮೆಂಟಿನ ಮಗಳು'. ಅದರಲ್ಲೊಂದು ಹಾಡಿದೆ, ಒಂದರ ಹಿಂದೆ ಒಂದು ಒಂಬತ್ತು ಸಲ ಮೇಲಿನ ಸಿ, ಅಂದರೆ ಗಂಡು ದನಿ ಕಷ್ಟಪಟ್ಟು ಏರುವ ಎತ್ತರದ ಸ್ವರ, ಮುಟ್ಟಬೇಕು. 1972ರಲ್ಲಿ ಇದೇ ಮೆಟ್‌ನಲ್ಲಿ ಇಟಲಿಯ ಗಾಯಕ ಪವರೋಟಿ ಅದನ್ನು ಮುಟ್ಟಿಯೇ ಲೋಕಕ್ಕೆಲ್ಲ ಪರಿಚಯವಾದದ್ದು. ಆ ಏಪ್ರಿಲ್ ಸಂಜೆ ಪೆರು ದೇಶದ ಹ್ವಾನ್ ಡಿಯೇಗೊ ಫ್ಲೋರೆಸ್ ಹಾಡಿದರು. ಸಭೆ ನಿಲ್ಲಿಸಲೇ ಇಲ್ಲ. ಅವರು ಮತ್ತೆ ಹಾಡಿದರು, ಮತ್ತೆ ಒಂಬತ್ತು. 1994ರ ನಂತರ ಮೆಟ್‌ನಲ್ಲಿ ಒಬ್ಬ ಗಾಯಕ ಒನ್ಸ್ ಮೋರ್ ಕೊಟ್ಟದ್ದು ಅದೇ ಮೊದಲು. ಅದರ ಹಿಂದಿನ ವರ್ಷ ಇಟಲಿಯ ಲಾ ಸ್ಕಾಲಾ ಒಪೆರಾ ಮನೆಯಲ್ಲೂ ದಶಕಗಳ ನಿಯಮ ಮುರಿದದ್ದು ಇದೇ ಫ್ಲೋರೆಸ್, ಇದೇ ಹಾಡು.

ಚಪ್ಪಾಳೆ ಎಲ್ಲಿ ತಟ್ಟಲಿ ಅಂತ ಕೇಳುವವರಿಗೆ: ಹಾಡು ಮುಗಿದು ನಿಮ್ಮ ಕೈ ತಾನಾಗಿ ಎದ್ದರೆ ತಟ್ಟಿ. ಕೂಗುವುದಾದರೆ ಗಂಡಸಿಗೆ ಬ್ರಾವೊ, ಹೆಂಗಸಿಗೆ ಬ್ರಾವಾ, ಎಲ್ಲರಿಗೂ ಸೇರಿ ಬ್ರಾವಿ. ಬಟ್ಟೆ ಯಾವುದಾದರೂ ಆಗುತ್ತದೆ. ನಾನು ಇಳಕಲ್ ಸೀರೆಯಲ್ಲೂ ಹೋಗಿದ್ದೇನೆ, ಜೀನ್ಸಿನಲ್ಲೂ ಹೋಗಿದ್ದೇನೆ.

ಇದು ಸಿರಿವಂತರ ಆಟ ಅನ್ನುವ ಮಾತು ಇದೆಯಲ್ಲ, ಅದಕ್ಕೆ ಕಾರಣ ಇಲ್ಲದಿಲ್ಲ. ಮೆಟ್ ಹುಟ್ಟಿದ್ದೇ ಸಿರಿವಂತರ ಜಗಳದಿಂದ. ಹಳೇ ದುಡ್ಡಿನವರು ಅಕಾಡೆಮಿ ಆಫ್ ಮ್ಯೂಸಿಕ್ ಅನ್ನುವ ಅಂದಿನ ಒಪೆರಾ ಮನೆಯ ಬಾಕ್ಸುಗಳನ್ನು, ಅಂದರೆ ಸಿರಿವಂತರು ಬೇರೆಯಾಗಿ ಕೂರುವ ಜಾಗಗಳನ್ನು, ಹೊಸ ದುಡ್ಡಿನವರಿಗೆ ಬಿಡಲಿಲ್ಲ. ವಾಂಡರ್‌ಬಿಲ್ಟ್‌ರಂಥ ಹೊಸಬರು ಸೇರಿ 1883ರಲ್ಲಿ ತಮ್ಮದೇ ಕಟ್ಟಿಕೊಂಡರು. ಆದರೆ ಆ ಕಥೆಗಿಂತ ನನಗೆ ಹತ್ತಿರವಾದದ್ದು ಅದಕ್ಕೂ ಹಿಂದಿನ ಒಬ್ಬ ಮುದುಕನ ಕಥೆ. ಮೊಜಾರ್ಟನ 'ಫಿಗರೊ', 'ಡಾನ್ ಜೊವಾನಿ', 'ಕೋಸಿ ಫಾನ್ ಟುಟ್ಟೆ' ಮೂರಕ್ಕೂ ಸಾಹಿತ್ಯ ಬರೆದ ಲೊರೆಂಜೊ ಡಾ ಪಾಂಟೆ. ಸಾಲಗಾರರ ಕಾಟಕ್ಕೆ ಲಂಡನ್ ಬಿಟ್ಟು 1805ರಲ್ಲಿ ಅಮೆರಿಕಕ್ಕೆ ಬಂದ. ದಿನಸಿ ಅಂಗಡಿ ಇಟ್ಟ. ಮನೆಪಾಠ ಹೇಳಿದ. ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಇಟಾಲಿಯನ್ ಭಾಷೆಯ ಮೊದಲ ಪ್ರೊಫೆಸರ್ ಆದ. 1825ರಲ್ಲಿ ಗಾಯಕ ಗಾರ್ಸಿಯಾ ಅವರ ತಂಡ ಬಂದು ನ್ಯೂಯಾರ್ಕಿನಲ್ಲಿ ಇಟಾಲಿಯನ್ ಭಾಷೆಯಲ್ಲೇ ಒಪೆರಾ ಆಡಿತು, ಮರುವರ್ಷ ಅದೇ ತಂಡ 'ಡಾನ್ ಜೊವಾನಿ' ಆಡಿತು. ಪರವೂರಿನಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ತಾನು ಬರೆದ ಮಾತು ತನ್ನ ಭಾಷೆಯಲ್ಲೇ ಕಿವಿಗೆ ಬೀಳುವುದೆಂದರೆ ಏನು! ಊರು ಬಿಟ್ಟು ಬಂದು ಇಲ್ಲಿ ಕೂತಿರುವ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ದುಡ್ಡಿಲ್ಲದೆಯೂ ಒಪೆರಾ ಆಗುತ್ತದೆ ಅನ್ನುವುದಕ್ಕೆ ನ್ಯೂಯಾರ್ಕಿನ ಬವರಿ ಬೀದಿಯ ಅಮಾಟೊ ಒಪೆರಾ ಸಾಕ್ಷಿ. ಟೋನಿ ಮತ್ತು ಸ್ಯಾಲಿ ಅಮಾಟೊ ಅಂತ ಗಂಡ ಹೆಂಡತಿ, 1948ರಲ್ಲಿ ಗ್ರೀನಿಚ್ ವಿಲೇಜಿನ ಚರ್ಚೊಂದರ ನೆಲಮಾಳಿಗೆಯಲ್ಲಿ ಶುರು ಮಾಡಿದರು. ಆಮೇಲೆ ಬವರಿಯಲ್ಲಿ ಸ್ವಂತ ಜಾಗ, 107 ಕುರ್ಚಿ. ವೇದಿಕೆಯ ಅಗಲ ಇಪ್ಪತ್ತು ಅಡಿ. ಟೋನಿ ವಾದ್ಯ ನಡೆಸುತ್ತಿದ್ದರು, ನಿರ್ದೇಶನವೂ ಅವರದೇ. ಸ್ಯಾಲಿ ಬಟ್ಟೆ ಹೊಲಿಯುತ್ತಿದ್ದರು, ದೀಪ ನೋಡಿಕೊಳ್ಳುತ್ತಿದ್ದರು, ಟಿಕೆಟ್ ಕೊಡುತ್ತಿದ್ದರು, ತಂಡಕ್ಕೆ ಅಡುಗೆ ಮಾಡಿ ಹಾಕುತ್ತಿದ್ದರು, ಹಾಡುತ್ತಲೂ ಇದ್ದರು. ಸ್ಯಾಲಿ 2000ದಲ್ಲಿ ತೀರಿಕೊಂಡರು. ಟೋನಿ 2009ರ ಮೇ ತಿಂಗಳಲ್ಲಿ 'ಫಿಗರೊ'ದೊಂದಿಗೆ ಬಾಗಿಲು ಹಾಕಿದರು. ನಾನು ಅಲ್ಲಿಗೆ ಹೋದದ್ದು ಎರಡೇ ಸಲ. ಎರಡನೇ ಸಾಲಿನಲ್ಲಿ ಕೂತಿದ್ದೆ. ಗಾಯಕಿಯ ಲಂಗದ ಅಂಚಿನ ಹೊಲಿಗೆ ಕಾಣುತ್ತಿತ್ತು. ಕೋರಸ್ಸಿನವರು ಒಳಗೆ ಜಾಗ ಸಾಲದೆ ನಮ್ಮ ಪಕ್ಕದ ಓಣಿಯಲ್ಲೇ ಬಂದು ಹೋಗುತ್ತಿದ್ದರು. ಮೆಟ್ ದೊಡ್ಡದು ನಿಜ. ಅಂಥ ಸಲಿಗೆ ಮಾತ್ರ ನನಗೆ ಮತ್ತೆ ಸಿಕ್ಕಿಲ್ಲ.

ಕೊನೆಗೆ ನಮ್ಮ ಅಮ್ಮನ ಮಾತು ಹೇಳಿ ಮುಗಿಸುತ್ತೇನೆ.

2011ರ ನವೆಂಬರಿನಲ್ಲಿ ಅಮ್ಮ ಶಿವಮೊಗ್ಗದಿಂದ ಬಂದಿದ್ದರು. ಆಗ ಮೆಟ್‌ನಲ್ಲಿ ಅಮೆರಿಕದ ಸಂಗೀತಕಾರ ಫಿಲಿಪ್ ಗ್ಲಾಸ್ ಅವರ 'ಸತ್ಯಾಗ್ರಹ' ಇತ್ತು. ಗಾಂಧೀಜಿಯ ದಕ್ಷಿಣ ಆಫ್ರಿಕಾದ ದಿನಗಳು. ಹಾಡುವ ಮಾತೆಲ್ಲ ಭಗವದ್ಗೀತೆಯದು, ಸಂಸ್ಕೃತದಲ್ಲೇ. ಅಮ್ಮನಿಗಾಗಿ ಕೂರುವ ಟಿಕೆಟ್ಟೇ ತೆಗೆದೆ. ಈ ಆಟಕ್ಕೆ ಕುರ್ಚಿಯ ಪರದೆಗಳಲ್ಲಿ ಅರ್ಥ ಹಾಕುವುದಿಲ್ಲ, ಕೆಲವು ಸಾಲು ಮಾತ್ರ ವೇದಿಕೆಯ ಗೋಡೆ ಮೇಲೆ ಮೂಡುತ್ತವೆ. ಅಂದರೆ ಅಷ್ಟೂ ಜನ ಭಾಷೆ ತಿಳಿಯದೆ ಕೂತಿದ್ದರು, ನಮ್ಮಮ್ಮ ಒಬ್ಬರನ್ನು ಬಿಟ್ಟು. ಹತ್ತಿಪ್ಪತ್ತು ನಿಮಿಷ ಅವರು ಸುಮ್ಮನೆ ನೋಡಿದರು. ಕಾಗದದಿಂದ ಮಾಡಿದ ದೊಡ್ಡ ದೊಡ್ಡ ಬೊಂಬೆಗಳು ಬಂದಾಗ, ನಮ್ಮೂರ ಕಡೆ ಜಾತ್ರೆಯಲ್ಲಿ ಬರುತ್ತವಲ್ಲ ಅಂತ ಖುಷಿಪಟ್ಟರು.

ಕೊನೆಯ ಅಂಕದಲ್ಲಿ ಗಾಂಧಿ ಒಬ್ಬರೇ ಉಳಿಯುತ್ತಾರೆ. ಅವತ್ತು ಹಾಡಿದವರು ರಿಚರ್ಡ್ ಕ್ರಾಫ್ಟ್. ಒಂದೇ ಒಂದು ಆರೋಹಣ, ಷಡ್ಜದಿಂದ ತಾರ ಷಡ್ಜದವರೆಗೆ. ಮುಗಿದ ಮೇಲೆ ಮತ್ತೆ ಕೆಳಗಿನಿಂದ ಅದೇ. ಮತ್ತೆ ಅದೇ. ಸ್ವರಸ್ಥಾನ ನಮ್ಮ ತೋಡಿಯದೇ, ಗಮಕ ಮಾತ್ರ ಇಲ್ಲ. ಪಕ್ಕದಲ್ಲಿ ಏನೋ ಗುನುಗು ಕೇಳಿಸಿತು. ಅಮ್ಮ. 'ಯದಾ ಯದಾ ಹಿ ಧರ್ಮಸ್ಯ' ಅಂತ ಗಾಯಕರ ಜೊತೆಗೇ ತುಟಿ ಆಡಿಸುತ್ತಿದ್ದರು. ಆಚೆ ಪಕ್ಕದ ಬಿಳಿ ಗಡ್ಡದ ಯಜಮಾನರು ಮೆಲ್ಲಗೆ ಇತ್ತ ವಾಲಿ ಅಮ್ಮನ ಬಾಯಿಗೆ ಕಿವಿ ಕೊಟ್ಟು ಕೂತರು. ದೀಪ ಹತ್ತಿದ ಮೇಲೆ ಅದರ ಅರ್ಥ ಏನು ಅಂತ ಅವರು ಕೇಳಿದರು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ಬಾಯಿ ಹಾಕುವುದಕ್ಕೆ ಬಿಡಲಿಲ್ಲ. ಅವರ ತೋಳು ಹಿಡಿದುಕೊಂಡು, ಮೂರು ಅಂತಸ್ತು ಇಳಿಯುವಷ್ಟು ಹೊತ್ತೂ ಕನ್ನಡದಲ್ಲೇ ಬಿಡಿಸಿ ಬಿಡಿಸಿ ಹೇಳಿದರು. ಅವರು ತಲೆ ಆಡಿಸುತ್ತಾ ಕೇಳಿದರು. ಹೊರಗೆ ಕಾರಂಜಿಯ ಹತ್ತಿರ ಇಬ್ಬರೂ ಕೈ ಮುಗಿದುಕೊಂಡರು. ರೈಲಿನಲ್ಲಿ ಕೂತ ಮೇಲೆ ಅಮ್ಮ ಕೇಳಿದರು, "ನಾಳೆ ಯಾವ ಪ್ರಸಂಗ?"